ಕುಂಬಾರ ಹುಳದ ಗೂಡು

ಮದುವೆಯಾದ ಏಳನೇ ವರ್ಷಕ್ಕೆ ನನ್ನತ್ತೆ ಹೊಂಬಾಳಮ್ಮನಿಗೆ ತಾಳ್ಮೆ ಮುಗಿಯಿತು. ಮಕ್ಕಳಾಗದ ಸೊಸೆಯನ್ನು ದೀಪಾವಳಿ ಕಳೆದ ಮೇಲೆ ತವರಿಗೆ ಬಿಟ್ಟುಬರುವುದು, ಮಗನಿಗೆ ಬೇರೆ ಹೆಣ್ಣು ನೋಡುವುದು ಎಂದು ನನ್ನೆದುರಿಗೇ ತೀರ್ಮಾನ ಮಾಡಿದಳು. ನನ್ನ ಗಂಡ ರವೀಂದ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ತವರಿನಲ್ಲಿ ಇರುವುದು ಅಣ್ಣನ ಹೆಂಡತಿ. ಅವಳು ನನಗೊಂದು ಚಾಪೆ ಹಾಸುವವಳಲ್ಲ.

ಆ ಮನೆಯಲ್ಲಿ ನನ್ನೊಡನೆ ನಗುತ್ತಿದ್ದವಳು ನಾದಿನಿ ಕೃತಿಕಾ ಒಬ್ಬಳೇ. ನೊಣವಿನಕೆರೆಯಿಂದ ದಿನಾ ಬಸ್ಸು ಹತ್ತಿ ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಫೋನಿಗೆ ಸಿಕ್ಕಿಸುವ ಪುಟ್ಟ ಲೆನ್ಸ್ ತಂದು, ತೋಟದ ಪಂಪ್ ಮನೆಯಲ್ಲಿ ಹುಳಗಳ ಫೋಟೋ ತೆಗೆಯುವುದನ್ನು ನನಗೆ ಕಲಿಸಿದಳು. ನಾವು ಕಾಲಲ್ಲಿ ಹೊಸಕಿ ಹೋಗುವ ಹುಳದ ಮೈಮೇಲೂ ಜರಿ ಅಂಚಿದೆ ಎಂದು ಗೊತ್ತಾದದ್ದು ಆಗ. ಎಲ್ಲಕ್ಕಿಂತ ಚೆಂದ ಕುಂಬಾರ ಹುಳ. ಸಾಸಿವೆಯಷ್ಟು ಕೆಸರಿನುಂಡೆಯನ್ನು ಬಾಯಲ್ಲಿ ತಂದು, ತಿದ್ದಿ ತೀಡಿ, ಹುಣಸೆಬೀಜದ ಗಾತ್ರದ ಗಡಿಗೆ ಮಾಡುತ್ತದೆ. ಆಮೇಲೆ ಒಳಗೆ ಮೊಟ್ಟೆಯಿಟ್ಟು, ಹಸಿರು ಹುಳುವೊಂದನ್ನು ಚುಚ್ಚಿ, ಜೀವ ಇರುವಾಗಲೇ ಒಳಗೆ ತುರುಕಿ ಬಾಯಿ ಮುಚ್ಚುತ್ತದೆ. ಒಳಗಿನ ಮರಿ ಅದನ್ನು ನಿಧಾನವಾಗಿ ತಿಂದು ಬೆಳೆಯುತ್ತದೆ.

ನಮ್ಮ ಕಡೆ ಒಂದು ನಂಬಿಕೆಯಿದೆ. ಈ ಹುಳ ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ಯಾರೋ ಬಸುರಿ. ನನ್ನ ಪಾಲಿಗೆ ಯಾವ ಹುಳವೂ ಬರಲಿಲ್ಲ, ಹಾಗಾಗಿ ನಾನೇ ಕಟ್ಟಿದೆ.

ಕೆರೆಯ ಕೆಸರನ್ನು ಹಳೇ ಸೀರೆಯಲ್ಲಿ ಸೋಸಿ, ಫೋಟೋ ದೊಡ್ಡದು ಮಾಡಿ ನೋಡಿಕೊಂಡು, ತೆಂಗಿನಗರಿ ಕಡ್ಡಿಯ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟು, ಬೆರಳ ತುದಿಯಿಂದ ತೀಡಿದೆ. ನಮ್ಮ ಕೋಣೆಯ ಬಾಗಿಲ ಮೇಲೆ ನಾಲ್ಕು ದಿನದ ಕೆಲಸ. ಸುಳ್ಳು ಹೇಳುವುದಿಲ್ಲ, ಆ ನಾಲ್ಕು ದಿನ ನಾನು ಸುಖವಾಗಿದ್ದೆ.

ಅತ್ತೆ ಅದನ್ನು ನೋಡಿ ಕೈಮುಗಿದಳು. "ಏನೇ ನಿರ್ಮಲಾ, ಒಂದ್ ಮಾತು ಹೇಳ್ಬಾರ್ದಾ?" ನಾನು ತಲೆ ತಗ್ಗಿಸಿದೆ. ಎರಡು ವಾರ ದಿನಾ ಎಳನೀರು, ತುಪ್ಪ, ಹಗಲು ನಿದ್ದೆ. ಮೂರನೇ ವಾರ ಮುಟ್ಟಾದೆ. ದೇವರ ಮನೆಗೆ ಹೋಗದ್ದನ್ನು ಅತ್ತೆ ಗಮನಿಸಿದಳು. ನನ್ನನ್ನು ಬೈಯುತ್ತಾಳೆಂದುಕೊಂಡೆ. ಅವಳು ಮಗಳ ಹೊಟ್ಟೆ ನೋಡಿದಳು.

"ಹುಳ ಸುಳ್ಳಾಡಲ್ಲ. ಇವಳಲ್ದಿದ್ರೆ ಇನ್ಯಾರು?"

ಕೃತಿಕಾ ಮೊದಲು ನಕ್ಕಳು. ಆಮೇಲೆ ಮೆಡಿಕಲ್ ಸ್ಟೋರಿನಿಂದ ಪರೀಕ್ಷೆಯ ಕಡ್ಡಿ ತಂದು ಒಂದೇ ಗೆರೆ ತೋರಿಸಿದಳು. "ಅಂಗ್ಡಿ ಕಡ್ಡಿ ದುಡ್ಡಿಗ್ ಮಾರೋದು ಕಣೇ. ಹುಳಕ್ಕೆ ಸುಳ್ಳು ಹೇಳಿ ಏನಾಗ್ಬೇಕು?" ಅಂದಳು ಅತ್ತೆ. ಕಾಲೇಜು ನಿಂತಿತು. ಹುಲಿಯಾರಿನ ಕಡೆಯಿಂದ ಗಂಡು ಹುಡುಕಿದರು. ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಟ್ಟಿದ್ದರೆ ಮಾರನೇ ದಿನವೇ ನನ್ನನ್ನು ತವರಿನ ಬಸ್ಸು ಹತ್ತಿಸುತ್ತಿದ್ದರು.

ಕೃತಿಕಾ ಸುಮ್ಮನಿರುವ ಹುಡುಗಿಯಲ್ಲ. ಸ್ಟೂಲು ಹತ್ತಿ ಗೂಡಿಗೆ ಲೆನ್ಸ್ ಹಿಡಿದಳು. ಇಳಿದು ಬಂದು ಫೋನನ್ನು ತಾಯಿಯ ಮುಖಕ್ಕೆ ಒಡ್ಡಿದಳು. "ಹುಳಕ್ಕೆ ಬೆರಳಚ್ಚು ಇರುತ್ತೇನಮ್ಮಾ? ಇದು ಮನುಷ್ಯರ ಕೆಲ್ಸ." ಅತ್ತೆಗೆ ಗೆರೆಗಳು ಕಂಡವು, ಅರ್ಥವಾಗಲಿಲ್ಲ. ಆಗ ಕೃತಿಕಾ ಕುಡುಗೋಲಿನಿಂದ ಗೂಡನ್ನು ಕಿತ್ತು ಅಂಗೈಯಲ್ಲಿ ಒಡೆದಳು. "ನೋಡು. ಹುಳನೂ ಇಲ್ಲ, ಮರಿನೂ ಇಲ್ಲ. ಬರೀ ಮಣ್ಣು."

ಅತ್ತೆ ಆ ಬರಿದಾದ ಮಣ್ಣನ್ನೇ ನೋಡುತ್ತ ಗೋಡೆಗೆ ಒರಗಿದಳು.

"ಮರಿ ಇಲ್ಲ ಅಂದ್ರೆ... ತೆಗೆಸ್ಕೊಂಡ್ ಬಂದ್ಬುಟ್ಯಾ?"

ಕೃತಿಕಾ ನನ್ನ ಕಡೆ ತಿರುಗಿದಳು. ಅವಳಿಗೆ ಗೊತ್ತಾಗಿತ್ತು. "ಅತ್ತಿಗೆ, ನೀವ್ ಮಾಡಿದ್ದು ಅಂತ ಹೇಳ್ಬಿಡಿ. ನಾನೇನೂ ಅನ್ನಲ್ಲ. ನಿಮ್ಮನ್ನ ತವರಿಗೆ ಕಳ್ಸಕ್ಕೂ ಬಿಡಲ್ಲ."

ಅವಳು ನಿಜವಾಗಿಯೂ ಬಿಡುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಅವಳ ಮಾತು ಎಷ್ಟು ನಡೆಯುತ್ತದೆ ಎಂದು ಆಗತಾನೇ ಕಂಡಿದ್ದೆ.

"ಅಷ್ಟು ಚೆಂದಾಗಿ ನಂಗೆಲ್ಲಿ ಮಾಡಕ್ ಬತ್ತದೆ, ಕೃತಿಕಾ" ಅಂದೆ.

ಹದಿನೆಂಟು ದಿನಕ್ಕೆ ಮದುವೆ. ಗಂಡಿಗೆ ಮೂವತ್ತೊಂಬತ್ತು. ಮೊದಲ ಹೆಂಡತಿ ಬಾವಿಗೆ ಬಿದ್ದಿದ್ದಳು, ಯಾಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕಾರು ಹತ್ತುವಾಗ ಕೃತಿಕಾ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆ ನೋಟ ನೆನೆದರೆ ಈಗಲೂ ನನ್ನ ಕೈ ನನಗೆ ಹೇಸಿಗೆ.

ದೀಪಾವಳಿ ಬಂತು, ಹೋಯಿತು. ನನ್ನನ್ನು ತವರಿಗೆ ಕಳಿಸುವ ಮಾತನ್ನು ಅತ್ತೆ ಎತ್ತಲಿಲ್ಲ. ಮನೆಗೆಲಸಕ್ಕೆ ಬೇರೆ ಹೆಣ್ಣು ಉಳಿದಿರಲಿಲ್ಲ.