ತೇಪೆಗೆ ಕತ್ತರಿಸಿದ ಜಾಗ

ಚಾದರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳ ಎಡಗೈಯಲ್ಲಿ. ನಾನು ಹಿಂಡಿದಂತೆ ಅವಳೂ ಎದುರು ದಿಕ್ಕಿಗೆ ತಿರುವಬೇಕು. ಒಂದೇ ಕೈಗೆ ಅದು ಆಗದು. ತುದಿಯನ್ನು ಕಂಕುಳಲ್ಲಿ ಅದುಮಿಕೊಂಡು ಮೈಯನ್ನೇ ತಿರುಗಿಸುತ್ತಾಳೆ. ನೀರು ಅರ್ಧ ಬಕೆಟ್ಟಿಗೆ, ಅರ್ಧ ನಮ್ಮ ಕಾಲಿಗೆ.

ಅವಳ ಬಲಗೈ, ಕೆಲಸ ಮಾಡುವ ಲಾಂಡ್ರಿಯಲ್ಲಿ, ಹಬೆಯ ಇಸ್ತ್ರಿಗೆ ಸಿಕ್ಕಿ ಸುಟ್ಟಿತ್ತು. ಗಾಯವೇನೋ ಮಾಯಿತು, ಆದರೆ ಮೊಣಕೈ ಮಡಿಕೆಯಲ್ಲಿ ಚರ್ಮ ಹಗ್ಗದಂತೆ ಬಿಗಿದು, ತೋಳು ಮಡಚಿದ್ದು ಮಡಚಿದಂತೆಯೇ ನಿಂತಿತು. ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸಿದರೆ ಕೈ ನೆಟ್ಟಗಾಗುತ್ತದೆ, ತಡಮಾಡಿದರೆ ಕೀಲೂ ಕೆಡುತ್ತದೆ ಎಂದಿದ್ದರು ಡಾಕ್ಟರು. ಒಪ್ಪಿಗೆಯಿದ್ದರೆ ಆಸ್ಪತ್ರೆಗೆ ಕಾಗದ ಬರೆಯಬೇಕಿತ್ತು. ನಾನು ಬರೆದೆ, ಅವಳು ಸಹಿ ಹಾಕಿದಳು. ತಿಂಗಳುಗಳು ಉರುಳಿದವು, ಕಾಗದ ಕಿಟಕಿಯ ಹಲಗೆ ಬಿಟ್ಟು ಕದಲಲಿಲ್ಲ.

"ಅಂಚೆಗೆ ಹಾಕಿ ಬರ್ಲೇನೇ?" ಅಂದರೆ, "ನಾಳೆ ನೋಡೋಣಮ್ಮ" ಅನ್ನುವಳು. ಕೇಳಿ ಕೇಳಿ ನನಗೂ ಸಾಕಾಗಿತ್ತು, ಹೇಳಿ ಹೇಳಿ ಅವಳಿಗೂ.

ಚಾದರ ಹರವುವಷ್ಟರಲ್ಲಿ ಅವಳ ಮಗಳು ಶಾಲೆಯಿಂದ ಬಂತು. ಅದಕ್ಕೆ ನಾವು ಪಿಟೀಲು ಅನ್ನುತ್ತೇವೆ. ಏನಾದರೂ ಬೇಕಾದರೆ ಸಿಗುವವರೆಗೂ ಕುಯ್ಯುತ್ತಲೇ ಇರುತ್ತದೆ.

"ಅಜ್ಜೀ, ನಾಳೆ ಸ್ಕೂಲಿಗೆ ಚರ್ಮ ತಗೊಂಡು ಹೋಗ್ಬೇಕು."

"ನಂದೇ ತಗೊಂಡು ಹೋಗೇ. ಹೇಗೂ ಜೋತು ಬಿದ್ದಿದೆ."

"ಅಯ್ಯೋ, ಮಾದರಿ ಅಜ್ಜೀ! ಮನೇಲಿರೋ ಸಾಮಾನಲ್ಲೇ ಮಾಡ್ಬೇಕಂತೆ."

"ಟೀಚರ್ ಇವತ್ತೇ ಹೇಳಿದ್ರಾ?" ಎಂದಳು ಮಗಳು.

ಪಿಟೀಲು ಶಾಲೆಯ ಚೀಲ ಬಿಚ್ಚುವ ನೆಪದಲ್ಲಿ ಅತ್ತ ತಿರುಗಿತು. ಹೋದ ವಾರವೇ ಹೇಳಿದ್ದಾರೆಂದು ಅರ್ಥವಾಯಿತು.

ಸೊಂಟ ಹಿಡಿದುಕೊಂಡೇ ನೆಲಕ್ಕೆ ಕೂತೆ. ಬೂಟಿನ ಪೆಟ್ಟಿಗೆಯ ಮುಚ್ಚಳದಲ್ಲಿ ದಿಂಬಿನ ಹತ್ತಿ ಹರಡಿದೆವು, ಅದು ಕೊಬ್ಬು. ಮೇಲೆ ಪಾತ್ರೆ ತೊಳೆಯುವ ಸ್ಪಂಜು, ಅದು ಒಳಚರ್ಮ. ಕೆಂಪು, ನೀಲಿ ಉಲ್ಲನ್ ದಾರಗಳು ರಕ್ತನಾಳ. ಪೊರಕೆ ಕಡ್ಡಿಯ ಬುಡಕ್ಕೆ ಹಿಟ್ಟಿನ ಉಂಡೆ ಮೆತ್ತಿ, ಸ್ಪಂಜನ್ನು ಅಡಿಯಿಂದ ಸೀಳಿ ಪಿಟೀಲು ಒಳಗೆ ಕೂರಿಸಿತು, ಅವು ಕೂದಲು. ಹೊರಚರ್ಮಕ್ಕೆ ಹಳೆಯ ದಿಂಬಿನ ಚೀಲದ ತುಂಡು. ಅದರ ಮೇಲೆ ಬೆವರಿನ ರಂಧ್ರ, ಗೆರೆ, ನನ್ನ ಗಲ್ಲದಲ್ಲಿರುವಂಥದೇ ಒಂದು ಮಚ್ಚೆ, ಎಲ್ಲವನ್ನೂ ಬಣ್ಣದಲ್ಲಿ ಬರೆಯಿತು.

ಅಂಟಿಸುವ ಕೆಲಸ ಮಗಳ ಪಾಲಿಗೆ ಬಂತು. ಇಸ್ತ್ರಿಯಾದ ಬಟ್ಟೆಯ ಒಳ್ಳೆಯ ಮಗ್ಗುಲನ್ನು ಒಳಗೆ ಮಾಡಿ ಮಡಿಸುವುದು ಲಾಂಡ್ರಿಯ ರೂಢಿ, ಕೊಳೆಯಾಗದಿರಲೆಂದು. ದಣಿದ ಕೈ ರೂಢಿಯನ್ನೇ ಮಾಡಿತು.

"ಅಮ್ಮಾ! ಉಲ್ಟಾ! ಮಚ್ಚೆ ಎಲ್ಲಿ?"

ಮಚ್ಚೆ, ರಂಧ್ರ ಎಲ್ಲ ಸ್ಪಂಜಿನ ಕಡೆಗೆ ಮುಖ ಮಾಡಿ ಮಲಗಿದ್ದವು.

"ನನ್ನ ತಲೆ! ಒಂದು ಕೆಲಸ ನೆಟ್ಟಗೆ ಬರಲ್ಲ ನಂಗೆ," ಎಂದು ಮಗಳು ಬಟ್ಟೆಯನ್ನು ಸರಕ್ಕನೆ ಎಳೆದಳು. ಬಟ್ಟೆಯ ಜೊತೆ ಸ್ಪಂಜಿನದೂ ತೆಳ್ಳನೆಯ ಒಂದು ಪದರ ಕಿತ್ತು ಬಂತು. "ಮುಗೀತು. ಇದೂ ಹಾಳಾಯ್ತು."

ಪಿಟೀಲು ಬಗ್ಗಿ ನೋಡಿತು. "ಏನೂ ಆಗಿಲ್ಲಮ್ಮ. ಬುಡ ಒಳಗೇ ಇದೆ ನೋಡು. ಮೇಲಿಂದು ಹೋದ್ರೂ ಕೂದಲಿನ ಬುಡದಿಂದ ಹೊಸ ಚರ್ಮ ಬೆಳೆಯುತ್ತಂತೆ. ನನ್ನ ಮಂಡಿ ತರಚಿದ್ದು ಬೆಳೀಲಿಲ್ವಾ?"

ಮಗಳು ಕಡ್ಡಿಯ ಸುತ್ತ ಬೆರಳಾಡಿಸಿದಳು.

"ತೊಡೇಲಿ ತೆಗೆದ್ರೂ ಹೀಗೇನಾ?"

"ಡಾಕ್ಟರು ಹೇಳಿದ್ರಲ್ಲೇ, ಮೇಲಿನ ತೆಳ್ಳನೆ ಪದರ ಮಾತ್ರ ಅಂತ," ಎಂದೆ.

"ಹೇಳಿರಬಹುದು. ನಂಗೆ ಕಿವಿಗೆ ಹೋಗಿರಲಿಲ್ಲಮ್ಮ. ಲಾಂಡ್ರೀಲಿ ತೇಪೆ ಹಾಕೋಕೆ ಇನ್ನೊಂದು ಚಾದರ ಕತ್ತರಿಸ್ತೀವಿ. ಕತ್ತರಿಸಿದ ಕಡೆ ತೂತು ತೂತೇ. ಕೈ ಸರಿಮಾಡ್ಕೊಂಡು ತೊಡೇಲಿ ತೂತು ಇಟ್ಕೊಂಡು ಹೇಗೆ ಓಡಾಡ್ಲಿ ಅಂತ..."

"ಇಷ್ಟು ದಿನ ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ?"

"ನಗ್ತೀರ ಅಂತ."

ನಗುವಷ್ಟು ತ್ರಾಣ ಯಾರಲ್ಲಿತ್ತು? ಬಟ್ಟೆಯನ್ನು ಸರಿಯಾದ ಮಗ್ಗುಲಿಗೆ ಅಂಟಿಸಿ, ಮೇಲೆ ತಟ್ಟೆ ಹೇರಿಟ್ಟು ಮಲಗಿದೆವು.

ಬೆಳಿಗ್ಗೆ ಅವಳೇ ಕಾಗದ ತಂದು ನನ್ನ ಮುಂದೆ ಇಟ್ಟಳು. ಹಳೆಯ ತಾರೀಕು ಹೊಡೆದುಹಾಕಿ ಹೊಸದು ಬರೆದೆ. ತಡವಾದದ್ದಕ್ಕೆ ಕ್ಷಮೆಯಿರಲಿ ಎಂದೂ ಒಂದು ಸಾಲು ಸೇರಿಸಿದೆ. ಪಿಟೀಲು ಎರಡೂ ಕೈಯಲ್ಲಿ ಚರ್ಮ ಹಿಡಿದುಕೊಂಡು ಶಾಲೆಯ ಕಡೆ ತಿರುಗಿತು. ರಸ್ತೆ ಮೂಲೆಯ ಅಂಚೆ ಡಬ್ಬಿಯ ಹತ್ತಿರ ಮಗಳು ಮೊದಲು ಬಲಗೈ ಎತ್ತಿದಳು. ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು. ಲಕೋಟೆಯನ್ನು ಎಡಗೈಗೆ ಬದಲಾಯಿಸಿ ಒಳಗೆ ಹಾಕಿದಳು.