ಬಾಗಿಲಿಗಡ್ಡ ನಿಂತ ಕಂಚಿನ ಕಪ್ಪೆ

ಈ ಸಂಗತಿಯನ್ನು ಮೊದಲು ಹೇಳಿದವರು ರೇವುಬೀದಿಯಲ್ಲಿ ಮೀನುವಡೆ ಕರಿಯುವ ಫುಸಾಯೆ. ಕಳೆದ ವರ್ಷ ಮೊದಲ ಹಿಮ ಬಿದ್ದ ಸಂಜೆ, ತಮ್ಮ ಅಂಗಡಿಯಲ್ಲೇ. ಅವರು ಹೇಳಿದ ಕ್ರಮವನ್ನು ನಾನು ಕದಲಿಸಿಲ್ಲ.

ಈ ಊರಿನಲ್ಲಿ ಹುಟ್ಟಿ ಹೆಸರು ಮಾಡಿದ ಮಾಂಗಾ ಎಂಬ ಜಪಾನೀ ಕಾಮಿಕ್ಸ್ ಬರೆಯುವ ಚಿತ್ರಕಾರರೊಬ್ಬರ ಪಾತ್ರಗಳನ್ನು ಪುರಸಭೆ ಕಂಚಿನಲ್ಲಿ ಎರಕ ಹೊಯ್ಯಿಸಿ ಬೀದಿಯುದ್ದಕ್ಕೂ ನಿಲ್ಲಿಸಿತು. ಫುಸಾಯೆಯವರ ಪಾಲಿಗೆ ಬಂದದ್ದು ಹೊಟ್ಟೆಬಾಕ ಕಪ್ಪೆ. ಎರಡೂ ತೋಳು ಚಾಚಿಕೊಂಡು, ಸರಿಯಾಗಿ ಬಾಗಿಲಿನೆದುರು. ನೋಡಲು ಬಂದವರು ಅದರ ಹೊಟ್ಟೆ ತಬ್ಬಿ ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದರು. ನಿತ್ಯದ ಗಿರಾಕಿಗಳು ಒಳಗೆ ಬರಲಾರದೆ ಬೇರೆ ಅಂಗಡಿ ಹಿಡಿದರು. ಹೀಗೇ ಮುಂದುವರಿದರೆ ಬಾಣಲೆ ಕವುಚಿಡಬೇಕಾಗಿತ್ತು. ಪುರಸಭೆಗೆ ಅಲೆದೂ ಅಲೆದೂ ಫುಸಾಯೆ ಕೊನೆಗೆ ಕಪ್ಪೆಯನ್ನು ಸೇತುವೆಯ ಬಳಿಗೆ ಸಾಗಿಸಲು ಒಪ್ಪಿಸಿದರು.

ಕ್ರೇನು ಬಂದ ಬೆಳಿಗ್ಗೆ ನೋಡಿದರೆ, ದಾರಿಬದಿಯ ಜಿಜೋ ದೇವರಿಗೆ ಕಟ್ಟುವಂಥ ಕೆಂಪು ಎದೆವಸ್ತ್ರ ಕಪ್ಪೆಯ ಕೊರಳಲ್ಲಿ. ಕಾಲ ಬಳಿ ಅನ್ನದುಂಡೆ. ಕೆಲಸದವರು ಟೊಪ್ಪಿ ತೆಗೆದು ಕೈಮುಗಿದರು. ಮೂರ್ತಿಯಿಂದ ಪ್ರಾಣ ಇಳಿಸುವ ಶಾಸ್ತ್ರವಾಗದೆ ಮುಟ್ಟುವುದಿಲ್ಲವೆಂದರು.

ವಸ್ತ್ರ ಕಟ್ಟಿದವರು ಫುಸಾಯೆಯವರ ಅತ್ತೆ ಮಾಸುಯೆ.

"ಏನತ್ತೆ ಇದು? ಇವತ್ತೇ ಆಗಬೇಕಿತ್ತಾ?"

"ಚಳೀಲಿ ಬರೀ ಮೈಲಿ ನಿಂತಿರುತ್ತೆ ಕಣೇ, ಪಾಪ. ನಿನಗೇನು, ಒಲೆ ಮುಂದೆ ಇರ್ತೀಯ."

"ಅದು ಕಪ್ಪೆ ಅತ್ತೆ. ಕಂಚಿಂದು."

"ಜಿಜೋ ಮಾತ್ರ ಏನು, ಕಲ್ಲಿಂದಲ್ವಾ?"

ದೇವಾಲಯದ ಗುರುಗಳಿಗೆ ಹೇಳಿ ಕಳಿಸಿದರು. ಅವರು ಬಂದು ಕಪ್ಪೆಯನ್ನು ಒಂದು ಸುತ್ತು ಬಂದರು.

"ಇದಕ್ಕೆ ಪ್ರಾಣ ತುಂಬಿದೋರು ಯಾರಮ್ಮ? ನಾನಂತೂ ಅಲ್ಲ. ತುಂಬದೇ ಇರೋದನ್ನ ಹೇಗೆ ಇಳಿಸ್ಲಿ?"

"ಹಾಗಾದ್ರೆ ಏನೂ ಇಲ್ಲ ಅಂತ ಇವರಿಗೆ ಹೇಳ್ಬಿಡಿ ಗುರುಗಳೇ."

ಗುರುಗಳ ಕಣ್ಣು ಅನ್ನದುಂಡೆಯ ಮೇಲೆ ನಿಂತಿತು. "ಇಲ್ಲ ಅಂತಾನೂ ಹೇಗೆ ಹೇಳ್ಲಿ?"

ಕ್ರೇನು ಬರಿದೇ ಮರಳಿತು. ಫೋಟೋಕ್ಕೆ ಬಂದವರೂ ತಲೆಬಾಗಿ ನಮಸ್ಕರಿಸತೊಡಗಿದರು. ಯಾರೋ ಒಬ್ಬರು ಉಣ್ಣೆಯ ಟೊಪ್ಪಿಯನ್ನೂ ತೊಡಿಸಿದರು. ರೋಸಿಹೋದ ಫುಸಾಯೆ ತಾವೇ ವಸ್ತ್ರ ಬಿಚ್ಚಿಹಾಕಲು ಹೊರಟರು.

"ಗಂಟಿಗೆ ಕೈ ಹಾಕೋ ಮುಂಚೆ, ತಪ್ಪಾಯ್ತು ಅಂತ ಕೈಮುಗಿದುಬಿಟ್ಟೆ," ಎಂದು ಅವರು ನಮಗೆ ಹೇಳಿದರು. "ಕಪ್ಪೆಗೆ! ಇನ್ನು ಬಿಚ್ಚೋದೆಲ್ಲಿಂದ ಬಂತು?"

ಮರುವಾರ ಬಡಗಿಯನ್ನು ಕರೆಸಿ, ಓಣಿಯ ಕಡೆಯ ಗೋಡೆ ಒಡೆಸಿ ಹೊಸ ಬಾಗಿಲು ಇಡಿಸಿದರು. ಹಳೆಯ ಗಿರಾಕಿಗಳು ಮರಳಿ ಬಂದರು. ಬಂದವರೆಲ್ಲ ಓಣಿಯ ಗಾಳಿ ಕೊರೆಯುತ್ತದೆಂದು ಗೊಣಗಿದರು.

ಕೇಳುತ್ತಿದ್ದವರು ಕೊನೆಯ ವಡೆ ತಿಂದು ಮುಗಿಸಿ ಎದ್ದರು. ಆ ಹೊಸ ಬಾಗಿಲಿನಿಂದಲೇ ಒಬ್ಬೊಬ್ಬರಾಗಿ ಓಣಿಗಿಳಿದು, ಕೊರಳಪಟ್ಟಿ ಎತ್ತಿಕೊಂಡು ಮನೆಗೆ ಹೋದರು.