ಮೂರನೇ ಕಡ್ಡಿಯ ಟೋಪಿ

ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಯಂತ್ರದ ಮುಂದೆ ಹದಿನೇಳು ಮಂದಿ ಪಿಎಚ್.ಡಿ. ಮಾಡಿ ಡಾಕ್ಟರಾಗಿ ಹೋಗಿದ್ದಾರೆ. ಅವರಲ್ಲಿ ಒಂದು ಬೋಲ್ಟನ್ನು ನೆಟ್ಟಗೆ ಬಿಗಿಯಲು ಬರುತ್ತಿದ್ದವರು ಇಬ್ಬರು. ಉಳಿದವರ ಕೈಗೆ ಸ್ಪ್ಯಾನರ್ ಕೊಟ್ಟರೆ ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಯೋಚಿಸುತ್ತಿದ್ದರು. ಸೂರ್ಯನ ಬೆಂಕಿಯನ್ನು ಭೂಮಿಗೆ ಇಳಿಸುತ್ತೇವೆಂದು ಹೊರಟವರು ಇವರು! ಇಳಿಸಲಿ, ಯಾರು ಬೇಡವೆಂದರು? ಆದರೆ ಬಳೆಯಾಕಾರದ ಆ ಉಕ್ಕಿನ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಗೋಡೆ ಕಾಯಿಸಿ, ಒಂದು ಬೆರಳಿನ ಜಿಡ್ಡೂ ಉಳಿಯದಂತೆ ಇಡುವವಳು ನಾನು, ಜುಲ್ಮೀರಾ, ಲ್ಯಾಬಿನ ಟೆಕ್ನೀಷಿಯನ್. ಎಲ್ಲರೂ ಬಾಯಿತುಂಬ ‘ಡೊನಾ ಜುಲ್ಮೀರಾ’, ಅಂದರೆ ಜುಲ್ಮೀರಾ ಅಮ್ಮನವರೇ, ಎನ್ನುತ್ತಾರೆ, ಕಾಫಿ ಬೇಕಾದಾಗ ಇನ್ನೂ ಸ್ವಲ್ಪ ಹೆಚ್ಚು.

ನಮ್ಮ ಪ್ರೊಫೆಸರ್ ಲೌರಿವಾಲ್ ಅವರ ತೂಕವೇ ಬೇರೆ. ಕಾದ ಜಲಜನಕ, ಅಂದರೆ ಪ್ಲಾಸ್ಮಾ, ನಮ್ಮ ಕೊಳವೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ. ಗೋಡೆಗೆ ಬಡಿದು ಆರಿಹೋಗುತ್ತದೆ. ಹನ್ನೊಂದು ವರ್ಷದ ಹಿಂದೆ, ಕಾರ್ನಿವಲ್ ರಜೆ ಮುಗಿದ ಮೇಲೆ, ಎರಡು ವಾರ ಮಾತ್ರ ಅದು ಎರಡು ಪಟ್ಟು ಬದುಕಿತು. ಅರವತ್ತು ಸಲ ಉರಿಸಿದೆವು, ನಮ್ಮ ಮಾತಿನಲ್ಲಿ ಅರವತ್ತು ಶಾಟ್, ಅರವತ್ತೂ ಹಾಗೇ. ಆಯಸ್ಕಾಂತಗಳಿಗೆ ತಾವು ಕೊಟ್ಟ ಕರೆಂಟಿನ ಅಳತೆಯೇ ಕಾರಣವೆಂದು ಪ್ರೊಫೆಸರು ಲೇಖನ ಬರೆದರು. ಅದಕ್ಕೆ ‘ಲೌರಿವಾಲ್ ಕಿಟಕಿ’ ಎಂದು ತಾವೇ ಹೆಸರಿಟ್ಟರು. ಬ್ರೆಜಿಲ್ ತುಂಬ ಸನ್ಮಾನವಾಯಿತು. ಆಮೇಲೆ ಆ ಕಿಟಕಿ ಒಮ್ಮೆಯೂ ತೆರೆಯಲಿಲ್ಲ. ಅದನ್ನು ಹುಡುಕಲು ಒಬ್ಬರಾದ ಮೇಲೆ ಒಬ್ಬರಂತೆ ಮೂವರು ವಿದ್ಯಾರ್ಥಿಗಳನ್ನು ಹಚ್ಚಿದರು. ಇಬ್ಬರು ‘ಕಿಟಕಿಯ ಸುಳಿವು ಕಂಡಿದೆ’ ಎಂದು ತೇಲಿಸಿ ಬರೆದು ಡಾಕ್ಟರಾದರು. ಮೂರನೆಯವನು ಅರ್ಧಕ್ಕೇ ಬಿಟ್ಟು ಈಗ ಕುರಿಚೀಬಾದಲ್ಲಿ ಅಲಂಕಾರದ ಮೀನು ಮಾರುತ್ತಾನೆ. ಮೂವರಲ್ಲಿ ನಾನು ಗೌರವಿಸುವುದು ಅವನೊಬ್ಬನನ್ನೇ.

ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ. ಆ ರಜೆಯ ಹಿಂದಿನ ದಿನ ಕೊಳವೆಯೊಳಗೆ ಅಳತೆಯ ಕಡ್ಡಿ ಜೋಡಿಸುವಾಗ ನನ್ನ ಸ್ಪ್ಯಾನರ್ ತಗಲಿ ಮೂರನೇ ಕಡ್ಡಿಯ ಟೋಪಿ ಒಡೆಯಿತು. ಬೋರಾನ್ ಬೆರೆತ ಪಿಂಗಾಣಿಯದು, ಉಗುರಿನಷ್ಟು ಚೂರು. ಬಳೆಯ ತಿರುವಿನಲ್ಲಿ ಎಲ್ಲೋ ಜಾರಿತು. ಹುಡುಕಬೇಕೆಂದರೆ ಎಲ್ಲ ಬಿಚ್ಚಿ ಮತ್ತೆ ಮೂರು ವಾರದ ಕೆಲಸ. ನಮ್ಮಲ್ಲಿ ಒಂದು ನಿಯಮವಿದೆ: ಕೊಳವೆಗೆ ಏನೇ ಆದರೂ ನಾನು ನನ್ನ ಪುಸ್ತಕದಲ್ಲಿ ಬರೆಯಬೇಕು, ಮೊದಲ ಶಾಟ್ ಹೊಡೆಯುವ ಮುನ್ನ ಪ್ರೊಫೆಸರು ಓದಿ ಸಹಿ ಹಾಕಬೇಕು. ಬರೆದೆ. ಅವರು ಫೋನಿನಲ್ಲಿ ಫುಟ್ಬಾಲ್ ಮಾತಾಡುತ್ತಲೇ ಸಹಿ ಗೀಚಿದರು. ಟೆಕ್ನೀಷಿಯನ್ ಬರೆದದ್ದನ್ನು ಓದುವ ಪ್ರೊಫೆಸರನ್ನು ನಾನಂತೂ ಕಂಡಿಲ್ಲ.

ಐದು ವರ್ಷದ ಹಿಂದೆ ಕೊಳವೆ ತೊಳೆಯುವಾಗ ಆ ಚೂರು ಸಿಕ್ಕಿತು, ಸುಟ್ಟು ಅರ್ಧವಾಗಿತ್ತು. ಅದೇ ತಿಂಗಳು ಹೊರಗಿನಿಂದ ಬಂದವರೊಬ್ಬರು ಭಾಷಣದಲ್ಲಿ ಹೇಳಿದರು: ಬೇರೆ ಕಡೆ ಬೇಕೆಂದೇ ಗೋಡೆಗೆ ಬೋರಾನ್ ಬಳಿಯುತ್ತಾರೆ, ಅದು ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಲೇಪ ಸವೆಯುವವರೆಗೆ ಪ್ಲಾಸ್ಮಾ ಹೆಚ್ಚು ಹೊತ್ತು ನಿಲ್ಲುತ್ತದೆ. ನಾನು ಹಿಂದೆ ನಿಂತು ಕಾಫಿ ಬಗ್ಗಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಪ್ರೊಫೆಸರು ತೂಕಡಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಚೂರನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ತಾರೀಖು ಬರೆದು, ಬೀರುವಿನಲ್ಲಿಟ್ಟೆ. ಅಂದಿನಿಂದ ಯಾರು ‘ಲೌರಿವಾಲ್ ಕಿಟಕಿ’ ಎಂದರೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಪುಸ್ತಕದಲ್ಲಿದೆ, ಬೇಕಾದವರು ಓದಿಕೊಳ್ಳಲಿ ಎಂದುಕೊಂಡೆ.

ಆಮೇಲೆ ಬಂದಳು ನಾಲ್ಕನೆಯವಳು, ಜಸಿಯಾರಾ. ಉತ್ತರದ ಮರಾನ್ಯಾವೊ ರಾಜ್ಯದ ಹುಡುಗಿ, ನಾಲಿಗೆಯಲ್ಲಿ ಉಪ್ಪು ಖಾರ ಎರಡೂ ಇತ್ತು. ಮೊದಲ ವಾರವೇ ಬೋಲ್ಟ್ ಬಿಗಿಯಲು ಕಲಿತಳು. ನಾಲ್ಕು ವರ್ಷ ದಿನಾ ಮಧ್ಯಾಹ್ನ ನನ್ನ ಬೆಂಚಿನಲ್ಲೇ ಡಬ್ಬಿ ಬಿಚ್ಚಿ ಅನ್ನ, ಬೀನ್ಸ್ ತಿಂದಳು. ಎರಡು ಸಾವಿರ ಶಾಟ್ ಹೊಡೆದಳು. ಕಿಟಕಿ ಇಲ್ಲವೆಂದು ನೇರವಾಗಿ ಬರೆದಳು.

ಪ್ರೊಫೆಸರ್ ಕೆಂಡವಾದರು. “‘ನನಗೆ ಸಿಗಲಿಲ್ಲ’ ಅಂತ ಬರಿ. ‘ಇಲ್ಲ’ ಅಂತ ಹೇಳೋಕೆ ನೀನ್ಯಾರಮ್ಮ?”

“ಎರಡು ಸಾವಿರ ಸಲ ಹುಡುಕಿದೋಳು ಸಾರ್,” ಎಂದಳು ಅವಳು.

ಆ ತಿಂಗಳು ಅವಳ ಅವಧಿ ಮುಗಿಯುತ್ತಿತ್ತು. ಪ್ರಬಂಧ ಬಿದ್ದರೆ ಇನ್ನೊಂದು ಅವಕಾಶವಿಲ್ಲ, ಡಾಕ್ಟರ್ ಪದವಿ ಕೈತಪ್ಪುತ್ತದೆ. ಪರೀಕ್ಷೆಯ ಹಿಂದಿನ ದಿನ ನನ್ನ ಹೆಗಲಿಗೆ ತಲೆಯಾನಿಸಿ ಹೇಳಿದಳು: “ಪಾಸಾದ್ರೆ ಕೇಕಿನ ಮೊದಲ್ನೇ ತುಂಡು ನಿಮ್ಗೇ, ಡೊನಾ ಜುಲ್ಮೀರಾ. ಇಲ್ಲಿ ನಂಗೆ ಸುಳ್ಳು ಹೇಳ್ದೇ ಇರೋರು ನೀವೊಬ್ರೇ.” ನಮ್ಮಲ್ಲಿ ಮೊದಲ ತುಂಡು ಅತಿ ಪ್ರೀತಿಯವರಿಗೆ; ಅದು ಯಾರಿಗೆಂಬುದನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. ಮನೆಗೆ ಹೋಗಿ ಜೋಳದ ಹಿಟ್ಟಿನ ಕೇಕು ನಾನೇ ಮಾಡಿದೆ.

ಮೌಖಿಕ ಪರೀಕ್ಷೆಯಲ್ಲಿ ಐದು ಜನ ಪರೀಕ್ಷಕರು ಸಾಲಾಗಿ ಕೂತಿದ್ದರು, ನಡುವೆ ಅಧ್ಯಕ್ಷರಾಗಿ ನಮ್ಮ ಪ್ರೊಫೆಸರೇ. ಜಸಿಯಾರಾ ಒಂದು ಗಂಟೆ ನಿರರ್ಗಳವಾಗಿ ಮಾತಾಡಿದಳು. ಕೊನೆಗೆ ಅವರು ಕನ್ನಡಕ ತೆಗೆದರು.

“ಎಲ್ಲಾ ಸರಿ. ಹಾಗಾದ್ರೆ ನನ್ನ ಅರವತ್ತು ಶಾಟ್ ಎಲ್ಲಿಂದ ಬಂತು? ನಾನು ಸುಳ್ಳುಗಾರನಾ?”

“ಸುಳ್ಳಲ್ಲ ಸಾರ್. ಆ ಅಂಕಿಗಳು ನಿಜವೇ. ಕಾರಣ ಮಾತ್ರ... ನಂಗೆ ಗೊತ್ತಿಲ್ಲ.”

“ಗೊತ್ತಿಲ್ಲ!” ಪ್ರೊಫೆಸರು ಉಳಿದವರತ್ತ ತಿರುಗಿದರು. “ಕೇಳಿಸ್ಕೊಂಡ್ರಲ್ಲ?”

ರೆಸೀಫಿಯಿಂದ ಬಂದಿದ್ದ ಹಿರಿಯ ಪರೀಕ್ಷಕಿ ಡಾಕ್ಟರ್ ಇಲ್ಸಾ ಮಾತ್ರ ಅವಳ ಪರವಾಗಿದ್ದಂತೆ ಕಂಡಿತ್ತು. ಅವರೂ ತಲೆಯಾಡಿಸಿದರು. “ಕಾರಣ ಇಲ್ದೆ ಇದು ಅರ್ಧ ಪ್ರಬಂಧ ಕಣಮ್ಮ. ನಾನು ಹೇಗೆ ಸಹಿ ಹಾಕ್ಲಿ?”

ಜಸಿಯಾರಾ ಮೇಜಿನ ಅಂಚನ್ನು ಹಿಡಿದುಕೊಂಡಳು. ನಾನು ಬಾಗಿಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಈಗಲೂ ಬಾಯಿ ಬಿಡದಿದ್ದರೆ ನನಗೂ ಈ ಗಂಡಸಿಗೂ ವ್ಯತ್ಯಾಸವೇನು ಎನಿಸಿತು.

“ಕಾರಣ ನಂಗೊತ್ತು,” ಎಂದೆ.

“ಕಾಫಿ ಅಲ್ಲಿಟ್ಟು ಹೋಗಿ, ಡೊನಾ ಜುಲ್ಮೀರಾ,” ಎಂದರು ಪ್ರೊಫೆಸರು, ನನ್ನತ್ತ ನೋಡದೆ.

“ಕಾಫಿ ಇಡ್ತೀನಿ, ಪುಸ್ತಕಾನೂ ತಂದಿಡ್ತೀನಿ. ನೀವೇ ಸಹಿ ಹಾಕಿದ್ದು, ಓದೋಕೆ ಪುರುಸೊತ್ತಾಗಿರ್ಲಿಲ್ಲ ಅಷ್ಟೆ.”

ಡಾಕ್ಟರ್ ಇಲ್ಸಾ ಪುಸ್ತಕ ತರಿಸಿದರು. ಗಟ್ಟಿಯಾಗಿ ಓದಿದರು: “‘ಮೂರನೇ ಕಡ್ಡಿಯ ಟೋಪಿ ಒಡೆದಿದೆ. ಬೋರಾನ್ ಚೂರು ಒಳಗೇ ಇದೆ, ತೆಗೆದಿಲ್ಲ.’ ಕೆಳಗೆ ನಿಮ್ಮ ಸಹಿ, ಲೌರಿವಾಲ್. ಚೆನ್ನಾಗಿದೆ ಸಹಿ.” ನಾನು ಜೊತೆಗೇ ತಂದಿದ್ದ ಬೆಂಕಿಪೊಟ್ಟಣ ಮುಂದಿಟ್ಟೆ. ಆಕೆ ಚೂರನ್ನು ಬೆಳಕಿಗೆ ಹಿಡಿದು ನಕ್ಕರು. ಪ್ರೊಫೆಸರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಐದು ವರ್ಷ ಕಾದ ಕ್ಷಣ ಅದು. ಸುಖವಾಯಿತು, ಸುಳ್ಳೇಕೆ ಹೇಳಲಿ?

ಆಗ ಜಸಿಯಾರಾ ಪೊಟ್ಟಣವನ್ನು ಕೈಗೆತ್ತಿಕೊಂಡು ಅದರ ಮೇಲಿನ ತಾರೀಖು ಓದಿದಳು. ಇನ್ನೊಮ್ಮೆ ಓದಿದಳು. ಅವಳು ನಮ್ಮಲ್ಲಿಗೆ ಬರುವುದಕ್ಕೂ ಒಂದು ವರ್ಷ ಹಿಂದಿನದು.

ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು: ಪಾಸು, ಅರವತ್ತು ದಿನದಲ್ಲಿ ಬೋರಾನಿನ ಒಂದು ಅಧ್ಯಾಯ ಸೇರಿಸಬೇಕು. ಪ್ರೊಫೆಸರೂ ಸಹಿ ಹಾಕಿದರು. ಕೊಳವೆಯ ಗೋಡೆಯ ಬಗ್ಗೆ ತಮಗೆ ಮೊದಲಿನಿಂದಲೂ ಅನುಮಾನವಿತ್ತೆಂದು ಯಾರಿಗೋ ಹೇಳುತ್ತಿದ್ದರು. ಇಂಥವರಿಗೆ ನಾಚಿಕೆ ಎಂಬುದನ್ನು ಯಾವ ಅಂಗಡಿಯಿಂದ ತಂದುಕೊಡುವುದು!

ನಾನು ಏಪ್ರನ್ ಬಿಚ್ಚಿ, ಕೂದಲು ಸರಿಮಾಡಿಕೊಂಡು ಮೇಜಿನ ಹತ್ತಿರ ಹೋದೆ. ಎಲ್ಲರೂ ಸುತ್ತ ನಿಂತರು. ಜಸಿಯಾರಾ ಕೇಕು ಕತ್ತರಿಸಿ ಮೊದಲ ತುಂಡನ್ನು ತಟ್ಟೆಗೆ ಹಾಕಿದಳು, ನನ್ನ ಮುಂದೆ ಹಾದುಹೋಗಿ ಪ್ರೊಫೆಸರ ಕೈಗೆ ಕೊಟ್ಟಳು. ಆ ಮನುಷ್ಯ ಎದೆಯುಬ್ಬಿಸಿ ತೆಗೆದುಕೊಂಡ. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಅವ್ರಿಗೆ ಗೊತ್ತಿರ್ಲಿಲ್ಲ, ಡೊನಾ ಜುಲ್ಮೀರಾ.”

“ಪುಸ್ತಕದಲ್ಲಿ ಇತ್ತಲ್ಲ ಮಗಳೇ...”

“ನಾಲ್ಕು ವರ್ಷ ನಾನು ನಿಮ್ಮ ಪಕ್ಕದಲ್ಲೇ ಇದ್ನಲ್ಲ.”

ಆಚೆಯಿಂದ ಪ್ರೊಫೆಸರು ಬಾಯಿತುಂಬ ಕೇಕು ತುಂಬಿಕೊಂಡು ಕೂಗಿದರು: “ಡೊನಾ ಜುಲ್ಮೀರಾ, ಒಂದು ಕಾಫಿ!”

ಬಗ್ಗಿಸಿ ಕೊಟ್ಟೆ.